ಧ್ವನಿಯಲ್ಲಿ ಉಳಿದ ಹೆಸರು

ಕವಿತಾ ಅಡಗಿದ್ದ ಜಾಗವನ್ನು ಅವಳ ಗಂಡನಿಗೆ ತೋರಿಸಿಕೊಟ್ಟವಳು ನಾನು. ಅವಳ ಚಿಕ್ಕಮ್ಮ ಚಿನ್ನಮ್ಮ ಅಲ್ಲ. ಇಷ್ಟು ವರ್ಷ ಆ ಅಪವಾದ ಹೊತ್ತವರು ಅವರು, ನೋಡಿಕೊಂಡು ಸುಮ್ಮನಿದ್ದವಳು ನಾನು—ಥೂ, ನನ್ನ ಜನ್ಮಕ್ಕೆ!

ನಾನು ಹಾಸನದವಳು, ಕೊಯಮತ್ತೂರಿಗೆ ಬಂದದ್ದು ಸಂಶೋಧನೆಗೆ. ತಲೆಮಾರುಗಳಿಂದ ಇಲ್ಲಿ ನೆಲೆಸಿದ ಮನೆಗಳ ಕನ್ನಡವನ್ನು ರೆಕಾರ್ಡ್ ಮಾಡಿ, ಬರಹಕ್ಕಿಳಿಸಿ, ತಮಿಳು ಪದಗಳು ಎಲ್ಲೆಲ್ಲಿ ಬೆರೆತಿವೆ ಎಂದು ಕಂಪ್ಯೂಟರ್ ಪ್ರೋಗ್ರಾಂ ಬರೆದು ಹುಡುಕುತ್ತಿದ್ದೆ. ಆನೈಮಲೈಯ ತೋಟದ ಮನೆಯಲ್ಲಿ ಕವಿತಾಳ ತಾಯಿ ರಾಜಮ್ಮ ನನಗೆ ಊಟ ಹಾಕಿ, ಬೇಕಾದಷ್ಟು ಮಾತಾಡಿದರು. ಒಮ್ಮೆ ಮಾತಿನ ಓಟದಲ್ಲಿ ಮಗಳ ವಿಷಯ ಬಂತು. ಗಂಡನ ಹೊಡೆತ ತಾಳಲಾರದೆ ತಿರುಪ್ಪೂರಿನ ಬನಿಯನ್ ಕಂಪನಿ ಸೇರಿದ್ದಾಳೆ—ಕಂಪನಿಯ ಹೆಸರು, ಹಾಸ್ಟೆಲ್ಲಿನ ಬೀದಿ, ಎಲ್ಲ ಹೇಳಿಬಿಟ್ಟರು. ಆಮೇಲೆ ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ತಮಿಳರಂತೆ ನನ್ನನ್ನು ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದರು.

“ನಂಗೂ ನನ್ ತಂಗಿಗೂ ಬಿಟ್ರೆ ಯಾರ್ಗೂ ತೆರಿಯಾದು ಕಣ್ಣು. ಅವ ತೇಡ್ತಾ ಅವ್ನೆ. ಆಚೆ ಹೋಗ್ಬಾರ್ದು ಇದು.”

“ಅವನು ಎಷ್ಟು ಹುಡುಕಿದ್ರೂ ಗೊತ್ತಾಗಲ್ಲ, ಹೆಸರೆಲ್ಲ ತೆಗೆದುಹಾಕ್ತೀನಿ ಅಮ್ಮ, ಹೆದರ್ಬೇಡಿ,” ಅಂದೆ.

ತೆಗೆದೆ ಕೂಡ—ಬರಹದಲ್ಲಿ. ಹೆಸರು, ಊರು ಕಂಡಲ್ಲೆಲ್ಲ ಅಳಿಸುವ ಪ್ರೋಗ್ರಾಂ ಬರೆದೆ. ಧ್ವನಿಯಲ್ಲಿ ಅಳಿಸಬೇಕಾದರೆ ಕೂತು ಎಲ್ಲವನ್ನೂ ಮತ್ತೆ ಕೇಳಬೇಕಿತ್ತು. ಮಾರ್ಗದರ್ಶಕರು ಅವಸರಪಡಿಸುತ್ತಿದ್ದರು... ಇಲ್ಲ, ಅವರನ್ನೇಕೆ ಎಳೆಯಲಿ, ನನಗೇ ಬೇಜಾರಾಗಿತ್ತು. ಸಂಶೋಧಕರಲ್ಲದೆ ಇನ್ಯಾರು ಕೇಳುತ್ತಾರೆ ಎಂದುಕೊಂಡು ಬರಹ, ಧ್ವನಿ ಎರಡನ್ನೂ ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಿದೆ. ಓದು ಬಲ್ಲವಳ ಬುದ್ಧಿ ನೋಡಿ! ಆ ಮನೆಗಳಲ್ಲಿ ಕನ್ನಡ ಅಕ್ಷರ ಓದುವವರೇ ಅಪರೂಪ. ಅಲ್ಲಿ ಕನ್ನಡವಿರುವುದು ಬಾಯಲ್ಲಿ, ಕಿವಿಯಲ್ಲಿ. ರೆಕಾರ್ಡಿಂಗಿನ ಕೆಳಗೆ ಒಬ್ಬರು ತಮಿಳಿನಲ್ಲಿ ಬರೆದಿದ್ದರು—ಇದು ನಮ್ಮ ನೆಂಟರ ದನಿ, ನಮ್ಮ ವಾಟ್ಸಾಪ್ ಗುಂಪಿಗೂ ಕಳಿಸಿದ್ದೇನೆ ಎಂದು. ಓದಿ ಹಿಗ್ಗಿದ್ದೆ. ಅವರು ಕವಿತಾಳ ಗಂಡನ ಕಡೆಯವರೆಂದು ಆಮೇಲೆ ತಿಳಿಯಿತು.

ಕಂಪನಿಯ ಗೇಟಿನಲ್ಲೇ ಅವನು ಅವಳ ಕೂದಲು ಹಿಡಿದು ಎಳೆದನಂತೆ. ಜೊತೆಯ ಹೆಂಗಸರು ಬಿಡಿಸಿದರು. ಅವಳು ಊರೇ ಬಿಟ್ಟಳು. ಬಾಯಿಬಿಟ್ಟವಳು ತಂಗಿ ಚಿನ್ನಮ್ಮನೇ ಎಂದುಕೊಂಡ ರಾಜಮ್ಮ, ಆಕೆಯ ಮುಖ ನೋಡುವುದನ್ನೂ ಬಿಟ್ಟರು. ನನ್ನೆದುರೇ ಶಾಪ ಹಾಕಿದರು, ನಾನು ತಲೆಯಾಡಿಸಿದೆ—ಹೌದು, ತಲೆಯಾಡಿಸಿದೆ.

ರೆಕಾರ್ಡಿಂಗನ್ನು ತೆಗೆದುಹಾಕಿದ್ದೇನೆ. ಇಳಿಸಿಕೊಂಡವರ ಬಳಿ ಇರುವುದನ್ನು ಯಾವ ಪ್ರೋಗ್ರಾಂ ಅಳಿಸೀತು?

ಮೊನ್ನೆ ಹೋಗಿ ಎದುರು ಕೂತು ಹೇಳಿದೆ. “ಚಿನ್ನಮ್ಮ ಯಾರಿಗೂ ಹೇಳ್ಲಿಲ್ಲ ಅಮ್ಮ. ನನ್ನಿಂದ ಆಗಿದ್ದು.”

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಷ್ಟೇ ಕೇಳಿದರು:

“ಅವ್ಳು ಈಗ ಇರೋ ಊರೂ ನಾನೇ ನಿಂಗೆ ಹೇಳಿದ್ನಲ್ಲ ಕಣ್ಣು... ಅದ ಎಲ್ಲಿ ಇಟ್ಟೆ?”

ಎಲ್ಲೂ ಇಟ್ಟಿಲ್ಲ ಅಂದೆ. ನಿಜವನ್ನೇ ಹೇಳಿದ್ದೆ, ಆದರೆ ಅವರು ನಂಬುವುದಾದರೂ ಹೇಗೆ? ನನ್ನನ್ನು ಹೊರಗಿರಲು ಹೇಳಿ, ಬಾಗಿಲು ಹಾಕಿಕೊಂಡು ಮಗಳಿಗೆ ಫೋನ್ ಮಾಡಿದರು. ಆ ಊರನ್ನೂ ಬಿಟ್ಟುಬಿಡು ಎನ್ನುತ್ತಿದ್ದುದು ಕೇಳಿಸಿತು. ಮುಂದಿನ ಊರಿನ ಹೆಸರು ಕಿವಿಗೆ ಬೀಳುವ ಮೊದಲೇ ನಾನು ಅಂಗಳ ದಾಟಿ ರಸ್ತೆಗೆ ಬಂದೆ.