ಸೂಜಿ ಮಲಗಿಸಿ ಏಳುತ್ತಿದ್ದ ಇನಾಯತ್ ಸಾಹೇಬರು

ಇನಾಯತ್ ಸಾಹೇಬರು ಕುರ್ಚಿಯಿಂದ ಸುಮ್ಮನೆ ಎದ್ದದ್ದನ್ನು ನಾನು ಕಂಡಿಲ್ಲ. ಚಹಾ ಕುಡಿಯಲು ಹೊರಗೆ ಹೋಗುವುದಿದ್ದರೂ ಮೊದಲು ಕೀಬೋರ್ಡಿನಲ್ಲಿ ‘ಪಾರ್ಕ್’ ಎಂದು ಒತ್ತಿ, ಕಂಪ್ಯೂಟರಿನ ಡಬ್ಬಿಗೆ ಕಿವಿ ಕೊಟ್ಟು, ಒಳಗಿನಿಂದ ಟಕ್ ಅಂದ ಮೇಲೆ “ಮಲಗ್ತು” ಎಂದು ಹೇಳಿ ಏಳುತ್ತಿದ್ದರು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗಿನ ಹಾರ್ಡ್ ಡಿಸ್ಕಿನೊಳಗೆ ಗ್ರಾಮಫೋನಿನಲ್ಲಿರುವ ಹಾಗೆ ತಿರುಗುವ ಒಂದು ತಟ್ಟೆ, ಅದರ ಮೇಲೊಂದು ಸೂಜಿ. ಕಂಪ್ಯೂಟರನ್ನು ಎಲ್ಲಿಗಾದರೂ ಸಾಗಿಸುವ ಮೊದಲು ಆ ಸೂಜಿಯನ್ನು ಮೂಲೆಗೆ ಕಳಿಸಬೇಕು. ಇಲ್ಲದಿದ್ದರೆ ತಟ್ಟೆಗೆ ಗೀರು ಬಿದ್ದು ಬರೆದದ್ದೆಲ್ಲ ಹಾಳು. ಕಂಪ್ಯೂಟರ್ ಪ್ರಯಾಣ ಹೊರಟಾಗ ಮಾಡಬೇಕಾದ ಶಾಸ್ತ್ರ ಅದು. ಸಾಹೇಬರು ತಾವು ಹೊರಟಾಗಲೂ ಮಾಡುತ್ತಿದ್ದರು.

“ಅದು ಇಲ್ಲೇ ಇರುತ್ತಲ್ಲ ಸರ್, ಎದ್ದು ಹೋಗ್ತಿರೋದು ನೀವು” ಎಂದೆ ಒಂದು ಸಲ.

“ನಾನು ಅತ್ಲಾಗ್ ಹೋದ್ಮೇಲೆ ಯಾರು ಬಂದು ಟೇಬಲ್ ಎಳೀತಾರೋ ಯಾರಿಗ್ಗೊತ್ತಮ್ಮ.”

ತೊಂಬತ್ತರ ದಶಕದಲ್ಲಿ ತುಮಕೂರಿನ ಮರಳೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾವಿಬ್ಬರೂ ಪಾಠ ಹೇಳುತ್ತಿದ್ದೆವು. ಅವರು ದಿನಾ ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಡಬೇಕು, ಕಂಪ್ಯೂಟರ್ ಮುಂದೆ ಸೀನಬಾರದು, ಪರದೆಗಳಿಗೆ ಅವರ ಹೆಂಡತಿ ಹೊಲಿದು ಕೊಟ್ಟ ಜಾಲರಿ ಅಂಚಿನ ಕುಲಾವಿ. ಹುಡುಗರು ಜಗಳಕ್ಕೆ ನಿಂತರೆ “ಮೊದ್ಲು ಸೂಜಿ ಮಲಗ್ಸ್ರೋ, ಆಮೇಲೆ ಮಾತಾಡಿ” ಎನ್ನುತ್ತಿದ್ದರು. ಬಸ್ಸಿನಲ್ಲಿ ಇವರು ಕೂರುವ ಮೊದಲೇ ಕಂಡಕ್ಟರ್ ವಿಷಲ್ ಹಾಕಿದರೆ ಅವನಿಗೂ ಅದೇ ಮಾತು. ಅವನಿಗೇನು ಅರ್ಥವಾಗುತ್ತಿತ್ತೋ ಆ ದೇವರೇ ಬಲ್ಲ.

ಆಮೇಲೆ ಕಪ್ಪು ಪರದೆಯ ಹಳೆಯ ಡಾಸ್ ಹೋಗಿ ವಿಂಡೋಸ್ ಬಂತು. ಸಾಹೇಬರಿಗೆ ಮೈಯೆಲ್ಲ ಉರಿ.

“ಡಾಸ್‌ಗೆ ಅಳ್ಸು ಅಂದ್ರೆ ಅಳಿಸ್ತಿತ್ತು. ಇವನು ‘ನಿಜವಾಗ್ಲೂ ಅಳಿಸ್ಲಾ’ ಅಂತಾನೆ. ನಾನೇನು ತಮಾಷೆಗ್ ಹೇಳಿದ್ನಾ? ಏನೋ ಒಂದು ಸಣ್ಣದು ಬದಲಾಯಿಸಿದ್ರೆ ಪೂರ್ತಿ ಆಫ್ ಮಾಡಿ ಆನ್ ಮಾಡ್ಬೇಕಂತೆ. ಬಾಗಿಲಿಗೆ ಹೊಸ ಚಿಲಕ ಹಾಕಿದ್ರೆ ಮನೆಯೋರೆಲ್ಲ ಬೀದಿಗ್ ಹೋಗಿ ಒಳಗ್ ಬರ್ತಾರೇನಮ್ಮ?”

ಪರದೆಯ ಮೇಲೆ ಮರಳಗಡಿಯಾರ ತೋರಿಸಿ ಕಾಯಿಸಿದರಂತೂ ಸೇಡು ತೀರಿಸದೆ ಬಿಡುತ್ತಿರಲಿಲ್ಲ. ಕೊನೆಗೆ ಅದು ‘ಓಕೆ’ ಒತ್ತಿ ಎಂದು ಕೇಳಿದಾಗ ಕೈಕಟ್ಟಿ ಕೂತು, “ಈಗ ಅವನು ಕಾಯ್ಲಿ” ಎನ್ನುವರು. ಕಾಯಿಸಿದ್ದು ಯಾರು, ಕಾದದ್ದು ಯಾರು ಎಂದು ತಿಳಿಯದೆ ನಮ್ಮ ಊಟದ ಹೊತ್ತು ಮೀರಿ ಹೋಗುತ್ತಿತ್ತು.

ನಗಾಡುತ್ತಿದ್ದ ನನಗೂ ಅವರ ಸಂಕಟ ಗೊತ್ತಿತ್ತು. ಡಾಸ್‌ನಲ್ಲಿ ಅವರು ಬರೆದುಕೊಟ್ಟ ಪ್ರೋಗ್ರಾಮುಗಳು ಒಂದೊಂದಾಗಿ ಹೋಗುತ್ತಿದ್ದವು. ಗುಬ್ಬಿಯ ರೈಸ್ ಮಿಲ್ಲಿನವರು ತೆಗೆದುಹಾಕಿದರು, ಅಮೃತೂರಿನ ಬಸ್ ಮಾಲೀಕರು ತೆಗೆದುಹಾಕಿದರು. ಕೊನೆಗೆ ಉಳಿದದ್ದು ಕುಣಿಗಲ್‌ನ ಒಂದು ಕಲ್ಯಾಣ ಮಂಟಪದ ಬುಕಿಂಗ್ ನೋಡುವ ಪ್ರೋಗ್ರಾಮು ಒಂದೇ. “ಅದೊಂದು ಉಸಿರಾಡ್ತಾ ಅದೆ” ಎನ್ನುತ್ತಿದ್ದರು.

ಒಂದು ದಿನ ಆ ಮಂಟಪದ ಮಾಲೀಕರಾದ ಶಿವಣ್ಣನವರ ಫೋನು ಬಂತು. “ಅಳಿಯಂದ್ರು ಹೊಸ ಕಂಪ್ಯೂಟ್ರು ತಂದವ್ರೆ ಸಾಹೇಬ್ರೆ. ನಿಮ್ದನ್ನ ಬಂದು ತಗೊಂಡೋಗಿ.” ಸಾಹೇಬರು ಬಿಚ್ಚಿದ್ದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿದರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ.

ನಾವು ಹೋದಾಗ ಮಂಟಪದ ಆಫೀಸಿನಲ್ಲಿ ಕೊತ್ತಗೆರೆಯ ಒಬ್ಬ ಹೆಣ್ಣಿನ ತಂದೆ ಕೂತಿದ್ದರು. ಅವರು ಹೇಳಿದ ಮುಹೂರ್ತದ ದಿನ ಮಂಟಪ ಖಾಲಿ ಇದೆಯೇ ಎಂದು ನೋಡಬೇಕು. ಹೊಸ ಕಂಪ್ಯೂಟರ್ ಪರದೆಯೆಲ್ಲ ನೀಲಿಯಾಗಿ ಕೆಟ್ಟು ನಿಂತುಬಿಟ್ಟಿತ್ತು. “ಸ್ವಲ್ಪ ಇರಿ, ಅದು ಬಿದ್ದದೆ, ಎದ್ದೇಳ್ಬೇಕು” ಎಂದು ಶಿವಣ್ಣನವರು ಆಫ್ ಮಾಡಿ ಆನ್ ಮಾಡಿದರು. ಸಾಹೇಬರು ಮೂಲೆಯಲ್ಲಿದ್ದ ತಮ್ಮ ಹಳೆಯದಕ್ಕೆ ವೈರು ಚುಚ್ಚಿ, ತಾರೀಖು ಒತ್ತಿ, “ಖಾಲಿ ಅದೆ” ಎಂದರು.

ಹೆಣ್ಣಿನ ತಂದೆಗೆ ಸಮಾಧಾನವಾಗಲಿಲ್ಲ. “ಇಷ್ಟು ಬೇಗ ಹೇಳ್ಬುಟ್ರೆ ಹೆಂಗೆ ಸ್ವಾಮಿ? ಹೆಣ್ಮಗಳ ಮದ್ವೆ ವಿಷ್ಯ. ಸರ್ಯಾಗ್ ನೋಡಿದ್ರಾ?”

ಅಷ್ಟರಲ್ಲಿ ಎದ್ದು ಕೂತಿದ್ದ ಹೊಸ ಕಂಪ್ಯೂಟರನ್ನು ಯಾರೂ ಮುಟ್ಟದೆ ಇದ್ದುದರಿಂದ ಅದರ ಪರದೆಯ ಮೇಲೆ ಬಣ್ಣಬಣ್ಣದ ಪೈಪುಗಳು ತಾವಾಗಿ ಅಡ್ಡಾದಿಡ್ಡಿ ಬೆಳೆಯತೊಡಗಿದವು. ಅದು ಸುಮ್ಮನಿದ್ದಾಗ ಆಡುವ ಆಟ. ಹೆಣ್ಣಿನ ತಂದೆ ಬಗ್ಗಿ ನೋಡಿ, “ಅಗೋ, ಇದು ಹುಡುಕ್ತಾ ಅದೆ” ಎಂದರು. ಶಿವಣ್ಣನವರು ಸಾಮಾನ್ಯರಲ್ಲ. ಪೈಪುಗಳು ಪರದೆ ತುಂಬುವವರೆಗೂ ಗಂಭೀರವಾಗಿ ಕೂತಿದ್ದು ಆಮೇಲೆ “ಖಾಲಿ ಅದೆ” ಎಂದರು. ಆ ಯಜಮಾನರು ಕೈಮುಗಿದು ವೀಳ್ಯದೆಲೆ ಕೊಟ್ಟರು.

ಸಾಹೇಬರ ಹಳೆಯ ಕಂಪ್ಯೂಟರನ್ನು ಶಿವಣ್ಣನವರು ಆಗಲೇ ಮೇಜಿನ ಕೆಳಕ್ಕೆ ಸರಿಸಿಕೊಂಡರು, ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೇಜಿನ ಮೇಲೆ ಹೂವು ಮುಡಿದ ಹೊಸ ಕಂಪ್ಯೂಟರ್ ಮದುವೆ ಮನೆಯವರಿಗೆ ಪೈಪು ತೋರಿಸಬೇಕು, ಮೇಜಿನ ಕೆಳಗೆ ಸಾಹೇಬರ ಪ್ರೋಗ್ರಾಮು ನಿಜ ಹೇಳಬೇಕು. ಮಂಟಪದ ಗುಮಾಸ್ತ ಏನೋ ಬೀಳಿಸಿಕೊಂಡವನಂತೆ ಬಗ್ಗಿ, ತಾರೀಖು ನೋಡಿಕೊಂಡು ಏಳುತ್ತಿದ್ದ.

ಅವತ್ತು ವಾಪಸು ಬರುವ ಬಸ್ಸಿನಲ್ಲಿ ಸಾಹೇಬರು, “ನನ್ನ ಪ್ರೋಗ್ರಾಮನ್ನ ಮೇಜಿನ ಕೆಳಗೆ ಕೂರ್ಸಿದ್ರಲ್ಲಮ್ಮ” ಎಂದರು. ಮರಳೂರು ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. “ಇರ್ಲಿ ಬುಡಮ್ಮ. ಬದುಕ್ಕೊಂಡದಲ್ಲ, ಸಾಕು.” ಅವರ ಕಣ್ಣಲ್ಲಿ ನೀರಿತ್ತು, ನಕ್ಕದ್ದಕ್ಕೆ ಬಂದದ್ದೋ ಏನೋ ನಾನು ಕೇಳಲಿಲ್ಲ.

ಹೀಗೆ ಎಷ್ಟೋ ವರ್ಷ ನಡೆಯಿತು. ಆ ವೇಳೆಗೆ ಸೆಂಟರ್ ಮುಚ್ಚಿ ನಾವು ಬೇರೆ ಬೇರೆ ಕಡೆ ಇದ್ದೆವು. ಶಿವಣ್ಣನವರು ವಯಸ್ಸಾಗಿ ಮಂಟಪ ಮಾರಿದರು. ಕೊಂಡವರು ಎಲ್ಲವನ್ನೂ ಗುಜರಿಗೆ ಹಾಕುತ್ತಿದ್ದಾರೆಂದು ಶಿವಣ್ಣನವರೇ ಫೋನು ಮಾಡಿ ಹೇಳಿದರು. ನಾನು ತುಮಕೂರಿಂದ, ಸಾಹೇಬರು ಗುಬ್ಬಿಯಿಂದ ಹೋದೆವು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಮಳೆಗಾಲ ಬರುವಷ್ಟರಲ್ಲಿ ಅವರು ಹೋಗಿಬಿಟ್ಟರು.

ಅವತ್ತು ಮಂಟಪದಲ್ಲಿ ಆ ಹಳೆಯ ಕಂಪ್ಯೂಟರ್ ತೋರಿಸಿ “ಮನೆಗೆ ತಗೊಂಡು ಹೋಗಿ ಸರ್” ಎಂದೆ.

“ಅಲ್ಲಿ ಯಾರ ಮದ್ವೆಗೆ ಮಂಟಪ ಹುಡುಕೋದಮ್ಮ ಅದು?”

ನೆಲದ ಮೇಲೆ ಕೂತು, ಆನ್ ಮಾಡಿ, ಆ ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ಪಾರ್ಕ್’ ಒತ್ತಿ ಕಿವಿ ಕೊಟ್ಟರು. ಟಕ್ ಅಂತು. “ಮಲಗ್ತು” ಎಂದು ಮಂಡಿ ಹಿಡಿದುಕೊಂಡು ಎದ್ದರು.

ಗುಜರಿಯವನು ಡಬ್ಬಿಯನ್ನು ಎತ್ತಿಕೊಂಡು ಹೋಗಿ ಮುರಿದ ಕುರ್ಚಿಗಳ ಮೇಲೆ ಧಡ್ಡನೆ ಎಸೆದ. ನಾನು ಬೈಯಲು ಬಾಯಿ ತೆರೆದೆ. ಸಾಹೇಬರು ಬೇಡವೆಂದು ಕೈ ಆಡಿಸಿದರು.

“ಏನೂ ಆಗಿರಲ್ಲ ಬುಡಮ್ಮ. ಸೂಜಿ ಮಲಗ್ಸೇ ಎದ್ದಿದ್ದೀನಿ.”