ಶಹಾಪುರದಲ್ಲಿ ಉಳಿದ ಒಬ್ಬಟ್ಟು

ಯುಗಾದಿಯ ಮರುದಿನ ಬೆಳಿಗ್ಗೆ ಒಬ್ಬಟ್ಟಿನ ಸಾರಿನ ಪಾತ್ರೆ ಹಿಡಿದು ಚರಂಡಿಯ ಕಡೆ ಹೊರಟಿದ್ದೆ. ಹಿಂದಿನಿಂದ ಕೂಗು ಬಂತು.

"ಏ ಸರ! ನಿಂದರ್ರಿ ಅಲ್ಲೇ!"

ತಿರುಗುವಷ್ಟರಲ್ಲಿ ಮನೆಯ ಒಡತಿ ಗುರುಬಸಮ್ಮ ಬಂದು ಪಾತ್ರೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ಮುಚ್ಚಳ ತೆಗೆದು ಮೂಸಿ ನೋಡಿದರು.

"ಇದಕ್ಕೇನಾಗ್ಯದ? ಹಬ್ಬದ ಸಾರು ಚೆಲ್ಲಾಕ ಹೊಂಟೀರಿ?"

ನಮ್ಮ ಕೊಳ್ಳೇಗಾಲದಲ್ಲಿ ಯಾರಾದರೂ ಹೀಗೆ ಕೈಯಿಂದ ಪಾತ್ರೆ ಕಿತ್ತುಕೊಂಡರೆ ಅದು ಜಗಳವೇ. ಇಲ್ಲಿ ಅದಕ್ಕೆ ಏನು ಅರ್ಥವೋ ನನಗೆ ಗೊತ್ತಿರಲಿಲ್ಲ. ನಾನು ಶಹಾಪುರಕ್ಕೆ ಬಂದು ಆಗಿನ್ನೂ ಆರು ವಾರ.

ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ನನ್ನದು. ಮದುವೆಯಾಗಲಿಲ್ಲ. ಹದಿನಾಲ್ಕು ವರ್ಷ ಅಮ್ಮನನ್ನು ನೋಡಿಕೊಂಡಿದ್ದೆ. ಅವಳು ಹೋದ ಮೇಲೆ ಬಡ್ತಿಯ ಜೊತೆ ಈ ಊರು ಬಂದಾಗ, ಬೇಡ ಎನ್ನಲು ನನ್ನ ಬಳಿ ಕಾರಣವೇ ಉಳಿದಿರಲಿಲ್ಲ. ಗುರುಬಸಮ್ಮನವರ ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿದವು. ನೆಲಕ್ಕೂ ಕಲ್ಲು, ಮಾಡಿಗೂ ಕಲ್ಲು. ಮಧ್ಯಾಹ್ನದ ಹೊತ್ತು ಗೋಡೆಗೆ ಒರಗಿದರೆ ಬೆನ್ನು ಸುಡುತ್ತಿತ್ತು.

ಮೊದಲ ವಾರವೆಲ್ಲ ಜನ ನನ್ನನ್ನು ಬೈಯುತ್ತಿದ್ದಾರೆ ಎಂದೇ ಅಂದುಕೊಂಡಿದ್ದೆ. ಕಿಟಕಿಯೊಳಗೆ ಚೀಟಿ ತೂರಿಸಿ, "ಗುಳಿಗಿ ಕೊಡ್ರಿ, ಜಲ್ದಿ ಕೊಡ್ರಿ" ಎನ್ನುತ್ತಿದ್ದರು. ಗುಳಿಗಿ ಎಂದರೆ ಮಾತ್ರೆ. ನಾನು "ಸ್ವಲ್ಪ ಇರಿ, ಕೊಡ್ತೀನಿ" ಎಂದು ಮೆಲ್ಲಗೆ ಹೇಳಿದರೆ, ಎದುರಿನವರು ಕಿವಿ ಮುಂದೆ ಮಾಡಿ, "ಏನಂದ್ರಿ?" ಎಂದು ಇನ್ನಷ್ಟು ಜೋರಾಗಿ ಕೇಳುತ್ತಿದ್ದರು. ಸಂಜೆ ಮನೆಗೆ ಬಂದ ಮೇಲೆ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಮ್ಮೆ ನನ್ನ ಕೆಮ್ಮಿಗೆ ನಾನೇ ಬೆಚ್ಚಿದ್ದುಂಟು.

ಯುಗಾದಿಗೆ ಸಹೋದ್ಯೋಗಿಗಳನ್ನು ಊಟಕ್ಕೆ ಕರೆದಿದ್ದೆ. "ಬರ್ತೀವಿ ಸರ" ಎಂದಿದ್ದರು. ಹಬ್ಬದ ದಿನ ಎಲ್ಲರೂ ತಮ್ಮ ತಮ್ಮ ಹಳ್ಳಿಗೆ ಹೋಗುತ್ತಾರೆಂದು ನನಗೆ ತಿಳಿದಿರಲಿಲ್ಲ. ನಾನು ನಿಜವಾಗಿಯೂ ಅಡುಗೆ ಮಾಡುತ್ತೇನೆಂದು ಅವರಿಗೂ ಅನ್ನಿಸಿರಲಿಲ್ಲ. ಅಮ್ಮನ ಅಳತೆಯಲ್ಲಿ ಬೇಳೆ ಬೇಯಿಸಿದೆ. ಅದು ಮನೆ ತುಂಬ ಜನರಿದ್ದ ಕಾಲದ ಅಳತೆ. ಇಪ್ಪತ್ತಾರು ಒಬ್ಬಟ್ಟು, ದೊಡ್ಡ ಪಾತ್ರೆ ಸಾರು, ಅದಕ್ಕೆ ತಕ್ಕಷ್ಟು ಅನ್ನ. ಮೂರು ಗಂಟೆಯವರೆಗೆ ಕಾದೆ. ಆಮೇಲೆ ನಿಂತುಕೊಂಡೇ ಎರಡು ಒಬ್ಬಟ್ಟು ತಿಂದೆ.

ಅಷ್ಟರಲ್ಲಿ ಕೊಳ್ಳೇಗಾಲದಿಂದ ಅಕ್ಕನ ಫೋನ್ ಬಂತು.

"ಏನೋ, ಹಬ್ಬ ಜೋರಾ? ಯಾರಾದ್ರೂ ಬಂದಿದ್ರಾ?"

"ಎಂಟು ಜನ ಬಂದಿದ್ರು ಕಣಕ್ಕ. ಈಗ ತಾನೇ ಹೋದ್ರು."

"ಸದ್ಯ," ಅಂದಳು ಅವಳು. ಅವಳ ಉಸಿರು ಹಗುರಾದದ್ದು ಫೋನಿನಲ್ಲೇ ಕೇಳಿಸಿತು.

ಆ ಅಡುಗೆ ನನ್ನ ಮನೆಯೊಳಗೆ ಇರುವಷ್ಟು ಹೊತ್ತೂ ಆ ಸುಳ್ಳು ನನ್ನನ್ನೇ ನೋಡುತ್ತಿರುವಂತೆ ಅನ್ನಿಸುತ್ತಿತ್ತು. ಎಲ್ಲವನ್ನೂ ಚೆಲ್ಲಿಬಿಡೋಣ ಎಂದು ಬೆಳಿಗ್ಗೆ ಹೊರಟದ್ದು ಅದಕ್ಕೇ.

ಗುರುಬಸಮ್ಮ ಸೀದಾ ನನ್ನ ಅಡುಗೆಮನೆಗೆ ನಡೆದರು. ಒಬ್ಬಟ್ಟಿನ ಡಬ್ಬಿ ತೆರೆದವರು ನನ್ನ ಮುಖ ನೋಡಿದರು.

"ನಿನ್ನಿ ಎಷ್ಟು ಮಂದಿ ಬಂದಿದ್ರು?"

ಎಂಟು ಎನ್ನಲು ಬಾಯಿ ತೆರೆದೆ. "ಯಾರೂ ಬರ್ಲಿಲ್ಲ," ಅಂದೆ.

ಅವರು ಡಬ್ಬಿಯ ಮುಚ್ಚಳ ಹಾಕಿದರು. "ನಮ್ಮ ಮನಿ ಮಂದಿಯೆಲ್ಲಾ ತಿಂಥಣಿ ಗುಡಿಗೆ ಹೋಗ್ಯಾರ್ರಿ. ನಾನು, ನಮ್ಮತ್ತಿ ಇಬ್ಬರೇ ಇದ್ವಿ. ನಿಮ್ಮನ್ನ ಕರೀಬೇಕು ಅಂದ್ಕೊಂಡೆ. ಮೈಸೂರ ಕಡೆಯವರು, ನಮ್ಮ ಕೈಯಾಗಿಂದು ಉಣ್ತಾರೋ ಇಲ್ಲೋ ಅಂತ ಸುಮ್ನಾದೆ."

ನಾನೂ ಅವರ ಬಗ್ಗೆ ಅದನ್ನೇ ಅಂದುಕೊಂಡಿದ್ದೆ. ಹೇಳಿದೆ. ಅವರು ನಗಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಲೆ ಹಚ್ಚಿದರು.

ಸಾರಿಗೆ ಇನ್ನಷ್ಟು ಹುಣಸೆಹುಳಿ, ಖಾರ ಹಾಕಿ ಮರಳಿಸಿದರು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರು. ತಮ್ಮ ಮನೆಯಲ್ಲಿ ಉಳಿದಿದ್ದ ಸಜ್ಜೆ ರೊಟ್ಟಿ ತಂದು ಮುರಿದು ಅದರಲ್ಲಿ ನೆನೆಸಿದರು. ನೀರು ಹಾಕಿಟ್ಟಿದ್ದ ಅನ್ನವನ್ನು ಬಸಿದು, ಜೀರಿಗೆ ಉಪ್ಪು ಸೇರಿಸಿ ನನ್ನ ಕೈಯಲ್ಲೇ ನಾದಿಸಿದರು. ಮಾಳಿಗಿ, ಅಂದರೆ ನಮ್ಮ ತಾರಸಿ, ಅದರ ಮೇಲೆ ಹಳೆಯ ಪಂಚೆ ಹಾಸಿ ಇಬ್ಬರೂ ಕೂತು ಸಂಡಿಗೆ ಇಟ್ಟೆವು. ನಮ್ಮ ಕಡೆ ಮೂರು ದಿನ ಮೋಡಕ್ಕೆ ಹೆದರಿ ಒಳಗೆ ಹೊರಗೆ ಮಾಡುವ ಸಂಡಿಗೆ ಇಲ್ಲಿ ಸಂಜೆಗೇ ಕಟಕಟ ಅನ್ನುತ್ತಿತ್ತು. ಆ ಬಿಸಿಲನ್ನು ಶಪಿಸದೆ ಕಳೆದ ಮೊದಲ ದಿನ ಅದು.

ಉಳಿದ ಒಬ್ಬಟ್ಟುಗಳನ್ನು ಎಣ್ಣೆಯಿಲ್ಲದ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಬಿಟ್ಟರು. ಪುಡಿ ಮಾಡಿ, ಬಿಸಿ ಹಾಲು ಸುರಿದು, ಒಂದು ಬಟ್ಟಲು ತಮ್ಮ ಅತ್ತೆಗೆ ಕೊಟ್ಟರು. ಹಲ್ಲಿಲ್ಲದ ಆ ಅಜ್ಜಿ ಎರಡು ಚಮಚ ನುಂಗಿ ನನ್ನ ಕಡೆ ತಿರುಗಿದಳು.

"ಯಾವ ಬ್ಯಾಳಿ ಹಾಕ್ಯಾನ ಇಂವ?"

"ತೊಗರಿ ಬೇಳೆ ಅಜ್ಜಿ, ಸ್ವಲ್ಪ ತೆಂಗಿನಕಾಯಿ."

"ನಾವು ಕಡ್ಲಿಬ್ಯಾಳಿ ಹಾಕ್ತೀವಿ," ಎಂದು ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು. ಊರಿನ ಸುತ್ತಲೂ ತೊಗರಿ ಬೆಳೆಯುವ ಜನ ಹೋಳಿಗೆಗೆ ಕಡಲೆ ಬೇಳೆ ಹಾಕುತ್ತಾರೆ. ತೊಗರಿಯನ್ನು ಅಂಗಡಿಯಿಂದ ತರುವ ನಾವು ಅದಿಲ್ಲದೆ ಒಬ್ಬಟ್ಟೇ ಅಲ್ಲ ಎನ್ನುತ್ತೇವೆ. ಅಜ್ಜಿಗೆ ಮೂರು ಸಲ ಬಡಿಸಿದೆ. ಯಾರಿಗಾದರೂ ಊಟ ಬಡಿಸಿ ಒಂದು ವರ್ಷವಾಗಿತ್ತು. ನೀರು ತರುವ ನೆವದಲ್ಲಿ ಎದ್ದು ಹೊರಗೆ ಹೋಗಿ ನಿಂತೆ.

ಅಷ್ಟರಿಂದ ಎಲ್ಲ ಬದಲಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಗುರುಬಸಮ್ಮನಿಗೆ ಗಿರಣಿಯಿದೆ, ತುಂಬಿದ ಸಂಸಾರವಿದೆ. ಹಬ್ಬಗಳಿಗೆ ಈಗ ಕರೆಯುತ್ತಾರೆ, ಹೋಗುತ್ತೇನೆ. ಉಂಡ ಮೇಲೆ ನನ್ನ ಎರಡು ಕೋಣೆಗೆ ಮರಳುತ್ತೇನೆ. ನಮ್ಮ ಓಣಿಯಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ನಾನು "ಮೈಸೂರ ಸರ". ಅಮ್ಮನ ಅಳತೆಯನ್ನು ಇಳಿಸಲು ಎಷ್ಟೋ ಸಲ ನೋಡಿದೆ. ಒಬ್ಬನಿಗಾಗಿ ಬೇಳೆ ತೊಳೆಯುವಾಗ ಕೈ ತಾನಾಗಿ ಇನ್ನೊಂದು ಹಿಡಿ ಸುರಿಯುತ್ತದೆ.

ಈ ಸಲ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ನನಗೆ ಮಣೆ ಹಾಕಿ ಎಲ್ಲರಿಗಿಂತ ಮೊದಲು ಬಡಿಸಿದಳು, ನೆಂಟರಿಗೆ ಬಡಿಸುವ ಹಾಗೆ. ಊಟ ಮುಗಿದ ಮೇಲೆ ಅವಳು ಕಜ್ಜಾಯವನ್ನು ಡಬ್ಬಿಗೆ ತುಂಬುತ್ತಾ ಕೇಳಿದಳು, "ಊರಿಗೆ ಯಾವಾಗ್ಲೋ?"

"ಸೋಮವಾರ ಅಕ್ಕ. ಬಸ್ಸಲ್ಲಿ ಬೆಂಗಳೂರಿಗೆ ಹೋಗಿ ಯಾದಗಿರಿ ರೈಲು ಹಿಡೀಬೇಕು."

ಅವಳ ಕೈ ನಿಂತಿತು. "ನಾನು ಕೇಳಿದ್ದು ಇಲ್ಲಿಗೆ ಯಾವಾಗ ವರ್ಗ ಮಾಡಿಸ್ಕೊಂಡ್ ಬರ್ತೀಯ ಅಂತ."

ಅವಳು ಇನ್ನೂ ನಾಲ್ಕು ಕಜ್ಜಾಯ ಹಾಕಿ ಡಬ್ಬಿಯ ಮುಚ್ಚಳ ಒತ್ತಿದಳು.