ಮೂರನೆಯ ಪಟ್ಟೆಯ ನೀಲಿ

ರಂಗಲಕ್ಷ್ಮಮ್ಮನ ಮಣಿಕಟ್ಟಿನಲ್ಲಿ ಮಾಸಿದ ನೀಲಿ ಉಲ್ಲನ್ ಎಳೆಯೊಂದಿದೆ. ಸ್ನಾನಕ್ಕೂ ಅದನ್ನು ಬಿಚ್ಚುವುದಿಲ್ಲ.

ಹಿಂದೂಪುರದ ನಮ್ಮ ಬೀದಿಯ ಕೂಸುಗಳಿಗೆಲ್ಲ ಕುಲಾವಿ ಹೆಣೆದವಳು ಅವಳು. ಗಂಡ ಹೋದ ಮೇಲೆ ಶಿಶುವಿಹಾರದಲ್ಲಿ ಆಯಾ ಆದಳು. ಹೆಣಿಗೆ ಕಲಿತದ್ದು ಅಲ್ಲಿಯ ಟೀಚರಿಂದ. ಮಗು ಹುಟ್ಟಿ ಅತ್ತ ಮೇಲೆಯೇ ಅವಳು ಕಡ್ಡಿ ಹಿಡಿಯುತ್ತಿದ್ದದ್ದು. ಹೊಟ್ಟೆಯಲ್ಲಿರುವ ಕೂಸಿಗೆ ಮೊದಲೇ ಏನನ್ನೂ ಹೊಂದಿಸಿಡಬಾರದು ಎಂಬುದು ಅವಳ ನೇಮ. ಹೆಣೆದು ಉಳಿದ ಉಂಡೆಗಳು ಅವಳ ಟ್ರಂಕು ಸೇರುತ್ತಿದ್ದವು.

ಆ ನೇಮ ಒಮ್ಮೆ ಮಾತ್ರ ತಪ್ಪಿತ್ತು, ನಮ್ಮಮ್ಮನ ಸಲುವಾಗಿ. ನನಗಾಗ ಐದು ವರ್ಷ. ಚಳಿಗಾಲದ ಹೆರಿಗೆ, ಮೊದಲೇ ಹೆಣೆದಿಡು ಎಂದು ಅಮ್ಮ ಹಟ ಹಿಡಿದು ನೀಲಿ ಉಲ್ಲನ್ ತಂದುಕೊಟ್ಟಿದ್ದಳು. ನನ್ನ ತಮ್ಮ ಅಳಲೇ ಇಲ್ಲ. ಕುಲಾವಿ ಅವನೊಂದಿಗೇ ಮಣ್ಣಿಗೆ ಹೋಯಿತು.

೨೦೦೩ರ ಡಿಸೆಂಬರಿನಲ್ಲಿ ರಂಗಲಕ್ಷ್ಮಮ್ಮನ ಒಬ್ಬಳೇ ಮಗಳು ತನುಜಾ ಎಂಟು ತಿಂಗಳ ಬಸುರಿ. ಬಿಪಿ ಜಾಸ್ತಿ, ಬಸ್ಸು ಹತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರಲಾಗದೆ ಕಲ್ಯಾಣದುರ್ಗದ ಗಂಡನ ಮನೆಯಲ್ಲೇ ಇದ್ದಳು. ಮಗುವಿಗೆ ಹೆಣೆಯುವಂತಿಲ್ಲ, ಕೈ ಸುಮ್ಮನಿರುವುದಿಲ್ಲ. ಟ್ರಂಕಿನ ಉಂಡೆಗಳನ್ನೆಲ್ಲ ಸುರಿದುಕೊಂಡು ಮಗಳಿಗೊಂದು ಪಟ್ಟೆಪಟ್ಟೆಯ ಮಫ್ಲರ್ ಹೆಣೆಯತೊಡಗಿದಳು.

"ಈ ಹಳದಿ ಓಬುಳೇಶಂದು ಕಣಮ್ಮ. ಈಗ ಮೀಸೆ ತಿರುವ್ಕೊಂಡು ಓಡಾಡ್ತಾನೆ, ಅವತ್ತು ನನ್ ಮಡ್ಲಾಗೆ ಉಚ್ಚೆ ಹುಯ್ದಿದ್ದ," ಎಂದು ನನಗೆ ತೋರಿಸುತ್ತಿದ್ದಳು. "ಹಸಿರು ರಶ್ಮೀದು. ಬಾಳಿ ಬದುಕ್ತಿರೋರ ಬಣ್ಣ ಎಲ್ಲ ನನ್ ಮಗಳ ಕುತ್ಗೆ ಸುತ್ಲೂ ಇರ್ಲಿ."

ಮಫ್ಲರ್ ಮುಗಿದ ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಅವಳ ಅಳಿಯನ ಫೋನು ಬಂತು. ತನುಜಾಳ ಮೈಯೆಲ್ಲ ಊದಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. ಅಮ್ಮನೂ ನಾನೂ ಓಡಿಹೋಗಿ ಹೇಳಿದೆವು. ರಂಗಲಕ್ಷ್ಮಮ್ಮ ಎರಡು ಸೀರೆ ಚೀಲಕ್ಕೆ ತುರುಕಿ ಮಫ್ಲರ್ ಮಡಿಸತೊಡಗಿದಳು. ಅಮ್ಮನ ಕಣ್ಣು ಕೆಳಗಿನಿಂದ ಮೂರನೆಯ ಪಟ್ಟೆಯಲ್ಲಿ ನಿಂತಿತು.

"ರಂಗಕ್ಕ, ಈ ನೀಲಿ ಯಾರ್ದು?"

"ಮುರಳಿಕೃಷ್ಣಂದು."

"ಅವಂದು ಕಡುನೀಲಿ. ಇದು ನಾನ್ ತಂದ್ಕೊಟ್ಟಿದ್ದು."

ರಂಗಲಕ್ಷ್ಮಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಆ ಪಟ್ಟೆ ಹೆಣೆದದ್ದು ಕರೆಂಟು ಹೋದ ಸಂಜೆ; ಬುಡ್ಡಿ ದೀಪದಲ್ಲಿ ಎರಡು ನೀಲಿಗಳೂ ಒಂದೇ ಆಗಿ ಕಂಡಿದ್ದವು.

"ನಿನ್ ಮಗೂನ ಕೆಟ್ಟದ್ದು ಅಂತಿಲ್ಲ ಕಣೇ ಪದ್ಮಾ."

"ಗೊತ್ತು. ತೆಗ್ದಾಕು," ಎಂದು ಅಮ್ಮ ಮುಖ ತಿರುಗಿಸಿದಳು.

ಅದನ್ನು ಬಿಚ್ಚಬೇಕಾದರೆ ಮೇಲಿನ ಹದಿನೈದು ಪಟ್ಟೆಗಳನ್ನೂ ಬಿಚ್ಚಬೇಕು. ಬಸ್ಸಿಗೆ ಅರ್ಧ ಗಂಟೆಯಿತ್ತು. ಜೊತೆಗೆ ಹೊರಟ ನಾನು, ಮನೆಯಲ್ಲೇ ಬಿಟ್ಟು ಬಾ ಎಂದೆ.

"ಬರೀ ಕೈಯಾಗೆ ಹೋಗ್ಲಾ? ಎಷ್ಟಾಯ್ತು ಎಷ್ಟಾಯ್ತು ಅಂತ ತನುಜಾ ದಿನಾ ಫೋನಾಗೆ ಕೇಳ್ತಾವ್ಳೆ."

ಬಸ್ಸು ರೊದ್ದಂ ದಾಟಿದ ಮೇಲೆ ಚೀಲದಿಂದ ಕತ್ತರಿ ತೆಗೆದಳು. ನೀಲಿಯ ಒಂದು ಕುಣಿಕೆ ಕತ್ತರಿಸಿ, ಎಳೆಯನ್ನು ಸಾಲು ಸಾಲಾಗಿ ಎಳೆದಳು. ಮಫ್ಲರ್ ಎರಡು ತುಂಡಾಯಿತು. ಬಾಯಿ ಬಿಟ್ಟ ಕುಣಿಕೆಗಳನ್ನು ಆ ಕುಲುಕಾಟದಲ್ಲೇ ಒಂದೊಂದಾಗಿ ಕಡ್ಡಿಗೇರಿಸಿದಳು. ನೀಲಿ ಎಳೆಯನ್ನು ನಾನು ಕಿಟಕಿಯಿಂದ ಎಸೆಯಹೋದೆ. ಕಿತ್ತುಕೊಂಡಳು.

"ಯಾರ್ ಕಾಲಿಗಾದ್ರೂ ಸಿಕ್ಕೀತು. ನನ್ ಹತ್ರಾನೇ ಇರ್ಲಿ."

ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿ ಹಲ್ಲಿನಿಂದ ಗಂಟು ಎಳೆದಳು.

ನಾವು ತಲುಪುವಷ್ಟರಲ್ಲಿ ತನುಜಾಳನ್ನು ಆಪರೇಷನ್‌ಗೆ ಒಳಗೆ ಕರೆದೊಯ್ದಿದ್ದರು. ರಂಗಲಕ್ಷ್ಮಮ್ಮ ಬೆಂಚಿನ ಮೇಲೆ ಕೂತು ಎರಡು ತುಂಡುಗಳನ್ನು ಕುಣಿಕೆಗೆ ಕುಣಿಕೆ ಸೇರಿಸಿ ಹೊಲಿದಳು. ಕೊನೆಯದೂ ಸೇರಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಮಣಿಕಟ್ಟಿನ ನೀಲಿ ಎಳೆಯ ಬಿಗಿತಕ್ಕೆ ಅವಳ ಬೆರಳುಗಳು ಕಪ್ಪಿಟ್ಟಿದ್ದವು.

ಎಷ್ಟೋ ಹೊತ್ತಿಗೆ ನರ್ಸು ತಲೆ ಹೊರಹಾಕಿ, ಹೆಣ್ಣುಮಗು, ಸುತ್ತಲು ಬಟ್ಟೆ ಕೊಡಿ ಎಂದು ತೆಲುಗಿನಲ್ಲಿ ಕೇಳಿದಳು. ಯಾರೂ ಏನನ್ನೂ ಹೊಂದಿಸಿಟ್ಟಿರಲಿಲ್ಲ. ರಂಗಲಕ್ಷ್ಮಮ್ಮ ಮಫ್ಲರ್ ನೀಡಿದಳು.

"ಅತ್ತಿತಾ?"

ನರ್ಸು ಹೌದೆಂದು ತಲೆಯಾಡಿಸಿದಳು.

"ನನ್ ಮಗಳು?"

ಬಾಗಿಲು ಮುಚ್ಚಿತು.

ತನುಜಾ ಕಣ್ಣು ಬಿಟ್ಟದ್ದು ಮೂರನೆಯ ದಿನ. ಆ ಮಗುವಿಗೀಗ ನಾಲ್ಕು ವರ್ಷ.

"ಇನ್ನಾದ್ರೂ ಬಿಚ್ಚಕ್ಕ, ನೋಡಕ್ಕಾಗಲ್ಲ ನಂಗೆ," ಎಂದು ಮೊನ್ನೆ ಅಮ್ಮ ಬೇಡಿಕೊಂಡಳು.

"ತನುಜಾಗೆ ಮತ್ತೆ ಆರು ತಿಂಗ್ಳು ಕಣೇ," ಎಂದಳು ರಂಗಲಕ್ಷ್ಮಮ್ಮ. "ಬಿಪಿ ಐತಂತೆ."

ಸಡಿಲವಾಗಿದ್ದ ಎಳೆಯನ್ನು ಅವಳು ಇನ್ನೊಂದು ಸುತ್ತು ಬಿಗಿದುಕೊಂಡಳು.